ಹುಣಸೆ ಯಜಮಾನರ ಲೈಸೆನ್ಸು

ಆ ಕಾರಿನಲ್ಲಿ ನನ್ನ ಕಾಲಿನ ಕೆಳಗೆ ಬ್ರೇಕ್ ಇರಲಿಲ್ಲ. ಡ್ರೈವಿಂಗ್ ಕಲಿಸುವವರಿಗೆ ಇದೆಂಥ ಸಂಕಟ ಎಂಬುದು ಬೇರೆಯವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಹಿಂದೂಪುರದಲ್ಲಿ ನಾನು ಕಲಿಸಲು ಇಟ್ಟುಕೊಂಡಿರುವ ಹಳೆಯ ಕಾರಿನಲ್ಲಿ ಎಡಗಡೆ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕ್ ಇವೆ. ಕಲಿಯುವವರು ಗಾಬರಿಯಾಗಿ ಏನೇ ತುಳಿದರೂ ಕೊನೆಯ ಮಾತು ನನ್ನ ಕಾಲಿನದು. ಹುಣಸೆ ಮಂಡಿಯ ಯಜಮಾನರು ಹೊಸದಾಗಿ ಕೊಂಡ ಕಾರಿನಲ್ಲಿ ನನ್ನ ಕಾಲಿನ ಕೆಳಗಿದ್ದದ್ದು ಬರೀ ಮ್ಯಾಟು. ನನ್ನ ಕೈಗೆ ಎಟುಕುತ್ತಿದ್ದದ್ದು ಎರಡು ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕಿನ ಗುಂಡಿಯೊಂದೇ. ಓಡುವಾಗ ಅದನ್ನು ಮೇಲಕ್ಕೆತ್ತಿ ಬಿಡದೆ ಹಿಡಿದುಕೊಂಡರೆ ಕಾರು ನಿಲ್ಲುತ್ತದೆ ಎಂದು ಕಾರಿನ ಜೊತೆ ಬಂದ ಪುಸ್ತಕ ಹೇಳುತ್ತಿತ್ತು.

ಪುಸ್ತಕವನ್ನು ನಂಬಿ ರಸ್ತೆಗೆ ಇಳಿಯುವುದು ನನ್ನಿಂದ ಆಗಲಿಲ್ಲ. ಊರ ಹೊರಗೆ ಸೈಟಿನ ಕಲ್ಲುಗಳನ್ನು ನೆಟ್ಟು ಯಾರೂ ಮನೆ ಕಟ್ಟದೆ ಬಿಟ್ಟ ಲೇಔಟಿಗೆ ಯಜಮಾನರನ್ನು ಕರೆದುಕೊಂಡು ಹೋದೆ. ಅವರಿಗೆ ಹೇಳಿಯೇ ಗುಂಡಿ ಎತ್ತಿದೆ. ಕಾರು ಗಕ್ಕನೆ ನಿಂತಿತು. ಅವರ ಕನ್ನಡಕ ಮೂಗಿನ ತುದಿಗೆ ಜಾರಿತು.

"ಏನಮ್ಮಾ ಇದು, ಕತ್ತು ಮುರ್ದ್‌ಬುಡ್ತೀಯಲ್ಲ?"

"ಇನ್ನೊಂದ್ ಸಲ ಯಜಮಾನ್ರೇ. ನಂಗೆ ಧೈರ್ಯ ಬರ್ಬೇಕಲ್ಲ."

"ಧೈರ್ಯ ನಂಗೆ ಬರ್ಬೇಕಾ ನಿಂಗೆ ಬರ್ಬೇಕಾ?" ಎಂದು ನಕ್ಕರು. ಮತ್ತೆ ಓಡಿಸಿದರು. ನಾನು ಮತ್ತೆ ಎತ್ತಿದೆ.

ಅವರಿಗೆ ಕಾರು ಓಡಿಸಲು ಕಲಿಸುವ ಅಗತ್ಯವೇನೂ ಇರಲಿಲ್ಲ. ನಾನು ಸ್ಕೂಲಿಗೆ ಹೋಗುವ ಕಾಲದಿಂದಲೂ ಅವರು ಈ ರಸ್ತೆಗಳಲ್ಲಿ ಓಡಾಡಿದವರು. ನನ್ನನ್ನು ಕರೆಸಿದ್ದು ಅವರ ಮಗಳು. ಮಂಡಿಯ ತೂಕ, ಕೂಲಿ, ಲಾರಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಆಕೆ. ಹಳೆಯ ಕಾರಿನ ಎಡಬದಿಯೆಲ್ಲ ಗೀರು, ತಗ್ಗು. ವಯಸ್ಸಾಯಿತು, ಅಪ್ಪನ ಕೈ ಮೊದಲಿನಂತಿಲ್ಲ ಎಂದುಕೊಂಡು, ತಾನೇ ಬ್ರೇಕ್ ಹಾಕುವ, ತಾನೇ ಗೆರೆಯೊಳಗೆ ಇಟ್ಟುಕೊಳ್ಳುವ ಕಾರನ್ನು ಕೊಡಿಸಿದ್ದಳು.

"ಈ ಕಾರು ಎಲ್ಲಾ ತಾನೇ ನೋಡ್ಕೊತದಂತೆ ಅಕ್ಕಾ," ಎಂದಿದ್ದಳು. "ಅಪ್ಪಂಗೆ ಅದ್ನ ಬಳಸೋದು ಹೇಳ್ಕೊಟ್ಬುಡಿ, ಸಾಕು. ಡ್ರೈವರ್ ಇಡಪ್ಪಾ ಅಂದ್ರೆ ಕೇಳಾಕಿಲ್ಲ."

ಕೇಳದೇ ಇರಲು ಕಾರಣವಿತ್ತು. ಕಂಬದೂರು, ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ಹುಣಸೆ ಮರದಲ್ಲಿರುವಾಗಲೇ ನೋಡಿ ಮಾತಾಡಿಕೊಂಡು ಬರುವುದು ಅವರ ವ್ಯಾಪಾರ. ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಎಷ್ಟು ಮೂಟೆ ಇಳಿಯುತ್ತದೆಂದು ಹೇಳಬಲ್ಲವರು. ಯಾವ ತೋಪಿಗೆ ಯಾವಾಗ ಹೋದರು ಎಂಬುದು ಡ್ರೈವರಿಗೆ ಗೊತ್ತಾದರೆ ಸಂಜೆಗೆ ಮಂಡಿ ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮನಸ್ಸು ಬಂದಾಗ ಹೊರಡುವುದು, ಬೇಕೆಂದಲ್ಲಿ ನಿಲ್ಲಿಸುವುದು ಅವರಿಗೆ ಉಸಿರಾಟದ ಹಾಗೆ. ಹೆಂಡತಿ ತೀರಿಕೊಂಡ ವರ್ಷ ಸುಮ್ಮನೆ ಕಾರಿನಲ್ಲಿ ಕೂತು ಕಲ್ಯಾಣದುರ್ಗದವರೆಗೆ ಹೋಗಿ, ಕಾಫಿ ಕುಡಿದು ವಾಪಸು ಬರುತ್ತಿದ್ದರಂತೆ. ಅದನ್ನು ಅವರೇ ಹೇಳಿದರು.

ಕಾರಿನ ವಿದ್ಯೆಯನ್ನು ಅವರು ಬೇಗ ಹಿಡಿದರು. ಮುಂದಿನ ಗಾಜಿನ ಮೇಲ್ಗಡೆ, ಕನ್ನಡಿಯ ಹಿಂದೆ ಒಂದು ಕ್ಯಾಮೆರಾ. ಅದು ರಸ್ತೆಯ ಬಿಳಿ ಗೆರೆಯನ್ನು, ಮುಂದಿನ ವಾಹನವನ್ನು, ಅಡ್ಡ ಬರುವ ಮನುಷ್ಯರನ್ನು ಗುರುತಿಸುತ್ತದೆ. ಬಂಪರಿನೊಳಗೆ ದೂರ ಅಳೆಯುವ ರಾಡಾರ್. ಗೆರೆ ದಾಟಿದರೆ ಸ್ಟೀರಿಂಗ್ ತಾನೇ ಎಳೆಯುತ್ತದೆ. ಮುಂದೆ ಏನಾದರೂ ಹತ್ತಿರ ಬಂದರೆ ಮೊದಲು ಕೂಗುತ್ತದೆ, ಆಮೇಲೆ ಬ್ರೇಕ್ ಹಾಕುತ್ತದೆ. ಆದರೆ ಇದೆಲ್ಲ ಗೆರೆ ಇರುವ ರಸ್ತೆಗೆ, ಗಾಜು ಶುಭ್ರವಾಗಿದ್ದಾಗ, ಬಿಸಿಲು ನೇರ ಕ್ಯಾಮೆರಾಗೆ ಹೊಡೆಯದಿದ್ದಾಗ. ಇದನ್ನು ನಾನು ಒತ್ತಿ ಒತ್ತಿ ಹೇಳಿದೆ. "ತೆಲುಸಮ್ಮಾ, ತೆಲುಸು," ಎನ್ನುತ್ತಿದ್ದರು. ಗೊತ್ತು ಎಂದು ತೆಲುಗಿನಲ್ಲಿ ಹೇಳಿದರೆ ಆ ವಿಷಯ ಮುಗಿಯಿತು ಎಂದು ಅರ್ಥ.

ಕಲ್ಯಾಣದುರ್ಗಕ್ಕೆ ನಾವು ಹೊರಟದ್ದು ಒಂದು ಬೆಳಿಗ್ಗೆ. ಪಾವಗಡದವರೆಗೆ ನನಗೆ ಏನೂ ಅನುಮಾನ ಬರಲಿಲ್ಲ. ಸ್ಟೀರಿಂಗಿನ ಮೇಲೆ ಅವರ ಕೈ ಹಗುರವಾಗಿತ್ತು. ದೂರದಿಂದ ಬರುತ್ತಿದ್ದ ಬಸ್ಸಿನ ಬೋರ್ಡನ್ನು ನನಗಿಂತ ಮೊದಲೇ ಓದಿದರು. ಇವರಿಗೆ ನಾನೇನು ಕಲಿಸುವುದು ಎಂದುಕೊಂಡೆ.

ಪಾವಗಡ ದಾಟಿದ ಮೇಲೆ ಗೆರೆಗಳು ಮಾಸುತ್ತ ಬಂದು ಕೊನೆಗೆ ಇಲ್ಲವಾದವು. ಸ್ಟೀರಿಂಗ್ ಎಳೆಯುವುದನ್ನು ಕಾರು ಸದ್ದಿಲ್ಲದೆ ನಿಲ್ಲಿಸಿತು. ಆಗ ನಾನು ಗಮನಿಸಿದೆ, ಕಾರು ಸ್ವಲ್ಪ ಸ್ವಲ್ಪವೇ ಎಡಕ್ಕೆ ಹೋಗುತ್ತಿತ್ತು. ಡಾಂಬರಿನ ಅಂಚು ನನ್ನ ಬಾಗಿಲ ಕೆಳಗೇ ಕಾಣುತ್ತಿತ್ತು. ನಾನು "ಬಲಕ್ಕೆ ಬನ್ನಿ" ಎಂದರೆ ಬರುತ್ತಿದ್ದರು, ಮತ್ತೆ ಜಾರುತ್ತಿದ್ದರು.

ಕಂಬದೂರು ಇನ್ನೂ ಮುಂದಿತ್ತು. ಎಡಗಡೆ ಹೊಲದ ದಾರಿಯಿಂದ ಒಬ್ಬ ಹೆಂಗಸು ಮೊಪೆಡ್ಡಿನಲ್ಲಿ ಹಿಂದೆ ಮೇವಿನ ಹೊರೆ ಕಟ್ಟಿಕೊಂಡು ರಸ್ತೆಗೆ ಹತ್ತುತ್ತಿದ್ದಳು. ಅವಳು ನನಗೆ ಬಹಳ ಹಿಂದೆಯೇ ಕಂಡಿದ್ದಳು. ಯಜಮಾನರು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾರೆ ಎಂದು ಕಾದೆ. ತೆಗೆಯಲಿಲ್ಲ. ನಾನು "ಬ್ರೇಕ್!" ಎಂದು ಕೂಗುವುದಕ್ಕೂ ಕಾರು ಕೂಗುವುದಕ್ಕೂ ಸರಿಹೋಯಿತು. ನಾನು ಗುಂಡಿ ಎತ್ತುವ ಮೊದಲೇ ಕಾರು ತಾನಾಗಿ ನಿಂತಿತು. ಮೊಪೆಡ್ಡು ವಾಲಿ, ಮೇವು ರಸ್ತೆಗೆ ಚೆಲ್ಲಿತು. ಆಕೆ ಒಂದು ಕಾಲೂರಿ ನಿಂತು ನಮ್ಮ ಕಡೆ ನೋಡಿದಳು.

"ನೋಡ್ದೆ ಕಣಮ್ಮ, ನೋಡ್ದೆ," ಎಂದರು ಯಜಮಾನರು. "ಅವ್ಳೇ ನಿಲ್ತಾಳೆ ಅಂದ್ಕೊಂಡೆ."

ನಾನು ಇಳಿದು ಹೊರೆ ಕಟ್ಟಲು ಕೈಕೊಟ್ಟೆ. ವಾಪಸು ಬಂದು ಕೂತಾಗ ಅವರು ಡ್ಯಾಶ್‌ಬೋರ್ಡನ್ನು ಎತ್ತಿನ ಬೆನ್ನು ಸವರುವ ಹಾಗೆ ಸವರುತ್ತಿದ್ದರು. "ಭಲೇ ಕಾರು," ಎಂದರು. ಅವರು ಸುಳ್ಳು ಹೇಳಿದರೆಂದು ನನಗನ್ನಿಸಲಿಲ್ಲ. ನೋಡಿದೆನೆಂದು ನಿಜವಾಗಿಯೂ ನಂಬಿದ್ದರು. ಅದೇ ನನ್ನನ್ನು ಹೆದರಿಸಿತು.

ವಾಪಸು ಬರುವಾಗ ಒಂದು ಪರೀಕ್ಷೆ ಮಾಡಿದೆ. ನಾವು ಕಲಿಸುವವರು ಇದನ್ನು ಎಲ್ಲರಿಗೂ ಮಾಡಿಸುತ್ತೇವೆ. ಓಡಿಸುತ್ತ ಓಡಿಸುತ್ತ ಕಣ್ಣಿಗೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಯಜಮಾನರು ಉತ್ಸಾಹದಿಂದ ಶುರುಮಾಡಿದರು. ಮುಂದೆ ಲಾರಿ, ಅದರ ಹಿಂದಿನ ಬರಹ, ಗುಡ್ಡದ ಮೇಲಿನ ಗಾಳಿಯಂತ್ರ, ದೂರದ ಹುಣಸೆ ಮರ, ಅದರ ಕಾಯಿ ಈ ಸಲ ಸಣ್ಣದು. ಎಲ್ಲ ಸರಿ. ಆದರೆ ಎಡ ಅಂಚಿನಲ್ಲಿ ನಡೆದುಹೋಗುತ್ತಿದ್ದ ಕುರಿಮಂದೆಯನ್ನು ಹೇಳಲಿಲ್ಲ. ಕುರಿಗಳ ಹಿಂದೆ ಕಂಬಳಿ ಹೊದ್ದು ನಿಂತಿದ್ದವನನ್ನು ಹೇಳಲಿಲ್ಲ. ಬಸ್‌ಸ್ಟಾಪಿನ ಜನ ಅವರ ಬಾಯಲ್ಲಿ ಬರಲೇ ಇಲ್ಲ. ಒಂದು ಕೊಳವೆಯೊಳಗಿಂದ ನೋಡುವವರ ಹಾಗೆ, ಕೊಳವೆಯ ತುದಿಯಲ್ಲಿದ್ದದ್ದು ಮಾತ್ರ ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಮಗಳಿಗೆ ಹೇಳಿದೆ. ಅವಳು ನಂಬಲಿಲ್ಲ. "ಕಣ್ಣು ತೋರ್ಸಿದ್ದೀವಲ್ಲ ಅಕ್ಕಾ. ಕೊನೇ ಸಾಲಿನ ಅಕ್ಷರಾನೂ ಓದ್ಬುಟ್ರು. ಲೈಸೆನ್ಸ್ ರಿನ್ಯೂವಲ್ಲಿಗೆ ಡಾಕ್ಟ್ರೇ ಬರ್ಕೊಟ್ರು."

"ಅಕ್ಷರ ಎದ್ರಿಗಿರ್ತದೆ ಕಣಮ್ಮ. ನೀನೇ ಬಂದು ನೋಡು."

ಮಾರನೆಯ ದಿನ ಮೂವರೂ ಅದೇ ಲೇಔಟಿಗೆ ಹೋದೆವು. ಇಂಜಿನ್ ಆಫ್ ಮಾಡಿಸಿ, ಕೀಲಿ ನನ್ನ ಬಳಿ ಇಟ್ಟುಕೊಂಡೆ. ಯಜಮಾನರು ಸ್ಟೀರಿಂಗ್ ಹಿಂದೆ, ಮಗಳು ಹಿಂದಿನ ಸೀಟಿನಲ್ಲಿ. ಎದುರಿಗೆ ಒಂದು ಕರೆಂಟ್ ಕಂಬವಿತ್ತು. "ಕಂಬಾನೇ ನೋಡ್ತಿರಿ ಯಜಮಾನ್ರೇ. ಕಾರಿನ ಪಕ್ಕದಲ್ಲಿ ನಾನು ಬತ್ತೀನಿ. ಕಂಡ ಕೂಡ್ಲೇ ಹೂಂ ಅನ್ನಿ."

ಕಾರಿನ ಹಿಂದಿನಿಂದ, ಎಡಬದಿಯಲ್ಲಿ, ಮೂರು ಮಾರು ದೂರ ಬಿಟ್ಟು ನಿಧಾನಕ್ಕೆ ನಡೆದೆ. ಹಿಂದಿನ ಬಾಗಿಲು ದಾಟಿದೆ. ಮುಂದಿನ ಬಾಗಿಲಿಗೆ ಬಂದೆ. ಸರಿಯಾಗಿ ಕಾಣುವವರು ಇಲ್ಲಿಗೆ ಹೂಂ ಎನ್ನುತ್ತಾರೆ. ಅವರು ಸುಮ್ಮನಿದ್ದರು. ಕನ್ನಡಿ ದಾಟಿದೆ. ಬಾನೆಟ್ಟಿನ ಸಮಕ್ಕೆ ಬಂದೆ. ಕೈಯೆತ್ತಿ ಬೀಸಿದೆ. ಕಿಟಕಿಯ ಗಾಜಿನ ಹಿಂದೆ ಮಗಳ ಮುಖ ಕಾಣುತ್ತಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ಕಾರನ್ನು ದಾಟಿ ಮುಂದೆ ಹೋಗಿ, ಕಂಬದ ಕಡೆಗೆ ತಿರುಗಿ, ಹೆಚ್ಚುಕಡಿಮೆ ಅವರ ಎದುರಿಗೇ ಬಂದ ಮೇಲೆ ಯಜಮಾನರು, "ಹೂಂ!" ಎಂದರು. ಗೆದ್ದವರ ಧ್ವನಿ.

ಬಲಗಡೆಯಿಂದಲೂ ನಡೆದೆ. ಅದು ಎಡಗಡೆಯಷ್ಟು ಕೆಟ್ಟಿರಲಿಲ್ಲ, ಅಷ್ಟೇ.

"ಎಂಗೆ?" ಎಂದು ಕೇಳಿದರು. ಹಿಂದಿನ ಸೀಟಿನಿಂದ ಮಗಳು ಅಳುವುದು ಕೇಳಿಸಿದಾಗ ಅವರ ಮುಖ ಬದಲಾಯಿತು. "ಯಾಕಮ್ಮಾ? ಏನಾಯ್ತೀಗ?" ಎಂದು ತಿರುಗಿದರು. ನಾನು ಎಲ್ಲಿದ್ದಾಗ ಅವರು ಹೂಂ ಎಂದರು ಎಂಬುದನ್ನು ಅವಳೇ ಹೇಳಬೇಕಾಯಿತು.

ಕಣ್ಣಾಸ್ಪತ್ರೆಗೆ ನಾನೂ ಹೋದೆ. ಅಲ್ಲಿ ಒಂದು ಬೋಗುಣಿಯಂಥ ಯಂತ್ರದೊಳಗೆ ಗಲ್ಲ ಇಟ್ಟು ಕೂರಬೇಕು. ನಡುವಿನ ಬೆಳಕನ್ನೇ ನೋಡುತ್ತಿರಬೇಕು. ಸುತ್ತ ಅಲ್ಲಲ್ಲಿ ಚುಕ್ಕಿ ಮಿಂಚಿದಾಗ ಕೈಯಲ್ಲಿನ ಗುಂಡಿ ಒತ್ತಬೇಕು. ಹೊರಗೆ ಕೂತ ನಮಗೆ ಒಳಗಿನ ಟಿಕ್ ಟಿಕ್ ಕೇಳಿಸುತ್ತಿತ್ತು. ಒಂದು ಟಿಕ್ಕಿನಿಂದ ಇನ್ನೊಂದಕ್ಕೆ ಬಹಳ ಹೊತ್ತಾಗುತ್ತಿತ್ತು. ಡಾಕ್ಟರು ಪರದೆಯ ಮೇಲೆ ಚಿತ್ರ ತೋರಿಸಿದರು. ನಡುವೆ ಒಂದಿಷ್ಟು ಬಿಳುಪು, ಸುತ್ತ ಕಪ್ಪು.

ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ನರವನ್ನು ಸ್ವಲ್ಪ ಸ್ವಲ್ಪವೇ ಕೊಂದುಹಾಕುತ್ತದೆ, ನೋವಿಲ್ಲ, ಅಂಚಿನಿಂದ ಶುರುವಾಗುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಹೋದದ್ದು ಬರುವುದಿಲ್ಲ. ಹನಿ ಹಾಕಿಕೊಂಡರೆ ಉಳಿದದ್ದು ಉಳಿಯಬಹುದು. "ಗಾಡಿ ಓಡಿಸಬೇಡಿ," ಎಂದರು. ಅದನ್ನು ಲೈಸೆನ್ಸಿನವರಿಗೆ ತಿಳಿಸುತ್ತೀರಾ ಎಂದು ಕೇಳಿದೆ. ರೋಗಿಯ ವಿಷಯ ಹೊರಗೆ ಹೇಳುವುದು ತಮ್ಮ ಕೆಲಸವಲ್ಲ ಎಂದರು. ಅದೂ ನ್ಯಾಯವೇ.

ವಾಪಸು ಬರುವಾಗ ಕಾರನ್ನು ನಾನೇ ಓಡಿಸಿದೆ. ಮಗಳಿಗೆ ಲಾರಿಯವರ ಫೋನ್ ಬಂದಿದ್ದರಿಂದ ಅವಳು ನೇರ ಗೋದಾಮಿಗೆ ಹೋದಳು. ಯಜಮಾನರು ಮಂಡಿಯ ಮುಂದೆ ಇಳಿದು, ಹುಣಸೆ ರಾಶಿಯ ಪಕ್ಕ ಕುರ್ಚಿ ಹಾಕಿಸಿ ನನ್ನನ್ನೂ ಕೂರಿಸಿಕೊಂಡರು. ಹೆಣ್ಣಾಳುಗಳು ಕಾಯಿ ಜಜ್ಜಿ ಬೀಜ ತೆಗೆಯುತ್ತಿದ್ದರು. ಅವರಿಗೆ ಕೇಳದ ಹಾಗೆ ತಗ್ಗಿದ ಧ್ವನಿಯಲ್ಲಿ ಹೇಳಿದರು:

"ಆ ಮೊಪೆಡ್ಡಿನ ಹೆಂಗಸು. ನಂಗೆ ಕಾಣ್ಲಿಲ್ಲ. ಸರಿ. ಕಾರಿಗೆ ಕಾಣ್ತಲ್ಲ? ನಿಲ್ತಲ್ಲ? ಅವ್ಳಿಗೇನಾಯ್ತು?"

"ಆವತ್ತು ನಿಲ್ತು ಯಜಮಾನ್ರೇ."

"ಈ ಬೀದೀಲಿ ಬೈಕ್ ಬಿಡೋ ಹುಡುಗ್ರನ್ನ ನೋಡು. ಎರಡು ಕಣ್ಣೂ ಗಟ್ಟಿ ಐತೆ. ಕುಡ್ದು ಬಿಡ್ತಾರೆ, ಫೋನಲ್ಲಿ ಮಾತಾಡ್ಕೊಂಡು ಬಿಡ್ತಾರೆ. ಅವ್ರನ್ನ ಯಾರೂ ಬೋಗುಣಿಯೊಳಕ್ಕೆ ತಲೆ ಇಕ್ಕು ಅನ್ನಾಕಿಲ್ಲ. ನಾನು, ಕಾರು, ಇಬ್ರೂ ಸೇರಿದ್ರೆ ಅವ್ರಿಗಿಂತ ವಾಸಿ ಅಲ್ವಾ?"

ಅವರ ಲೆಕ್ಕದಲ್ಲಿ ಹುರುಳಿತ್ತು.

"ಮುಂದೆ ಡ್ರೈವರ್ರೇ ಇಲ್ದಿರೋ ಕಾರು ಬತ್ತದಂತೆ," ಎಂದು ಮುಂದುವರಿಸಿದರು. "ಆಗ ಸೀಟಲ್ ಕೂತೋನಿಗೆ ಕಣ್ಣೈತಾ ಅಂತ ಯಾರ್ ಕೇಳ್ತಾರೆ? ಅದು ಬರೋಕ್ ಮುಂಚೆ ನನ್ ಕಣ್ ಹೋಯ್ತು. ಅಷ್ಟೇ ತಾನೆ ನಾನ್ ಮಾಡಿರೋ ತಪ್ಪು?"

"ಆ ಕಾರ್ ಬಂದ್ರೆ ನಾನೇ ನಿಮ್ಮನ್ನ ಕೂರಿಸ್ತೀನಿ. ಇದು ಆ ಕಾರಲ್ಲ. ನೀವು ನೋಡ್ತಿದ್ದೀರ ಅಂತ ನಂಬ್ಕೊಂಡು ಇದು ಓಡ್ತದೆ. ಇದು ನೋಡ್ತದೆ ಅಂತ ನಂಬ್ಕೊಂಡು ನೀವು ಓಡಿಸ್ತೀರ. ನಿಮ್ಮಿಬ್ರ ನಡೂಕೆ ಸಿಕ್ಕೊಂಡೋರ ಗತಿಯೇನು ಯಜಮಾನ್ರೇ?"

ಅವರು ಒಂದು ಹುಣಸೆಕಾಯಿ ಎತ್ತಿ, ಮುರಿದು, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದರು. ಆಮೇಲೆ, "ಸರಿ. ತಕ್ಕಳಮ್ಮ," ಎಂದು ಕಾರಿನ ಎರಡನೆಯ ಕೀಲಿಯನ್ನು ನನ್ನ ಮಡಿಲಿಗೆ ಹಾಕಿದರು. ಎರಡೂ ಕೀಲಿಗಳನ್ನು ಮಗಳಿಗೆ ಕೊಟ್ಟು ಬಂದೆ. ನನ್ನ ಕೆಲಸ ಮುಗಿಯಿತೆಂದು ಅಂದುಕೊಂಡೆ.

ಹುಣಸೆ ಸುಗ್ಗಿ ಜೋರಾದಾಗ ಸುದ್ದಿ ಬಂತು, ಯಜಮಾನರು ಮತ್ತೆ ಓಡಿಸುತ್ತಿದ್ದಾರೆಂದು. ಡ್ರೈವರನ್ನು ಇಟ್ಟಿದ್ದರು. ಅವನು ಬಾರದ ದಿನ ಮಗಳೇ ಕೀಲಿ ಕೊಟ್ಟಿದ್ದಳು. ಫೋನ್ ಮಾಡಿದರೆ, "ಹತ್ರಕ್ಕೆ ಮಾತ್ರ ಅಕ್ಕಾ. ಗೋರಂಟ್ಲ ದಾಟಾಕಿಲ್ಲ. ಏನಾರ ಅಡ್ಡ ಬಂದ್ರೆ ಕಾರೇ ಕೂಗ್ತದಲ್ಲ," ಎಂದಳು. ಅವಳ ದನಿಯಲ್ಲಿ ನಾಚಿಕೆಯಿತ್ತು, ಸುಸ್ತೂ ಇತ್ತು. ಮನೆಯಲ್ಲಿ ಕೂತ ಅಪ್ಪ ಊಟ ಬಿಟ್ಟಿದ್ದನ್ನು ಅವಳು ದಿನಾ ನೋಡಿದ್ದಳು. ನಾನು ನೋಡಿರಲಿಲ್ಲ.

ಅವರನ್ನು ಕಂಡದ್ದು ಗೋರಂಟ್ಲದಲ್ಲೇ. ಹೊಸದಾಗಿ ಕಲಿಯಲು ಬಂದಿದ್ದ ಟೀಚರೊಬ್ಬರನ್ನು ಕರೆದುಕೊಂಡು ಹೋಗಿ, ಕಾರನ್ನು ರಸ್ತೆ ಬದಿಗೆ ಹಾಕಿಸಿದ್ದೆ. ಶಾಲೆ ಬಿಟ್ಟ ಹೊತ್ತು. ಮಕ್ಕಳು ರಸ್ತೆಯ ಆಚೆ ಅಂಚಿನಲ್ಲಿ ಸಾಲಾಗಿ ನಡೆಯುತ್ತಿದ್ದರು. ಯಜಮಾನರ ಕಾರು ಎದುರಿನಿಂದ ಬಂತು. ವೇಗವೇನೂ ಇರಲಿಲ್ಲ. ಅದರ ಎಡಬದಿಯ ಚಕ್ರಗಳು ಡಾಂಬರು ಬಿಟ್ಟು ಮಣ್ಣಿನ ಮೇಲೆ ಓಡುತ್ತಿದ್ದವು. ತೆರೆದ ಕಿಟಕಿಯಿಂದ ಕಾರಿನ ಕೂಗು ನನಗೆ ಕೇಳಿಸಿತು. ಒಬ್ಬಳ ಬ್ಯಾಗಿಗೆ ಕನ್ನಡಿ ತಗುಲಿತು. ಹುಡುಗಿ ಗಿರ್ರನೆ ತಿರುಗಿ ಗೆಳತಿಯ ಮೇಲೆ ಬಿದ್ದಳು. ಇಬ್ಬರೂ ನಕ್ಕರು. ಕಾರು ನಿಲ್ಲಲಿಲ್ಲ. ನಾನು ಕೈ ಬೀಸಿ ಕೂಗುತ್ತಿದ್ದೆ. ಯಜಮಾನರು ನೆಟ್ಟಗೆ ಮುಂದೆ ನೋಡುತ್ತ, ನೆಮ್ಮದಿಯಿಂದ ಹೋದರು.

ಟೀಚರಿಗೆ, "ಇವತ್ತಿಗೆ ಸಾಕು," ಎಂದೆ. ಬ್ಯಾಗಿಗೂ ಹುಡುಗಿಯ ಭುಜಕ್ಕೂ ಎಷ್ಟು ಅಂತರ ಎಂದು ಯೋಚಿಸುತ್ತ ವಾಪಸು ಓಡಿಸಿದೆ.

ಮಗಳ ಬಳಿ ಮತ್ತೆ ಹೋಗಲಿಲ್ಲ. ಹೋದರೆ ಅಳುತ್ತಾಳೆ, ಕೀಲಿ ಇಸಕೊಳ್ಳುತ್ತಾಳೆ, ಮತ್ತೆ ಕೊಡುತ್ತಾಳೆ. ಮಾರನೆಯ ಬೆಳಿಗ್ಗೆ ಸಾರಿಗೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ತೆಲುಗಿನಲ್ಲಿ, "ಆಕ್ಸಿಡೆಂಟ್ ಅಯ್ಯಿಂದಾ ಅಮ್ಮಾ?" ಎಂದು ಕೇಳಿದರು. ಆಗಿಲ್ಲ ಎಂದೆ. ಆಗದೆ ಯಾವ ದೂರು ಎಂದು ಅವರಿಗೆ ತಿಳಿಯಲಿಲ್ಲ. ನನ್ನ ಬಳಿ ಕಲಿತವರನ್ನು ಪರೀಕ್ಷೆಗೆ ಕರೆತರುವಾಗ ಪರಿಚಯವಾಗಿದ್ದ ಇನ್‌ಸ್ಪೆಕ್ಟರು ಒಳಗಿದ್ದರು. ಅವರು ಪೂರ್ತಿ ಕೇಳಿಸಿಕೊಂಡರು.

"ಕಾಯಿಲೆ ಇದ್ರೆ ಲೈಸೆನ್ಸ್ ರದ್ದು ಮಾಡೋ ಅಧಿಕಾರ ಇದೆಯಮ್ಮ. ಆದ್ರೆ ಸುಮ್ನೆ ಬಾಯಿಮಾತಿಗೆ ಆಗಲ್ಲ. ನೀವು ಕಂಡಿದ್ದನ್ನ ಬರ್ದು ಸಹಿ ಹಾಕ್ಬೇಕು. ಅವ್ರಿಗೆ ನಿಮ್ ಹೆಸ್ರು ಗೊತ್ತಾಗ್ತದೆ. ಆಲೋಚ್ನೆ ಮಾಡಿ."

ಹೊರಗಿನ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ. ನನಗೆ ಬರುತ್ತಿರುವ ಎಷ್ಟೋ ಜನ ಮಂಡಿ ಬೀದಿಯವರು. ಅದು ಒಂದು ಕಡೆ. ಇನ್ನೊಂದು, ರಸ್ತೆ ನನ್ನದಲ್ಲ. ಒಬ್ಬ ಮನುಷ್ಯ ಎಲ್ಲಿಗೆ ಹೋಗಬಹುದು, ಹೋಗಬಾರದು ಎಂದು ಬರೆಯಲು ನಾನು ಯಾರು? ಜನರಿಗೆ ಹೊರಡಲು ಕಲಿಸುವುದೇ ನನ್ನ ಕೆಲಸ. ಮನೆಯಲ್ಲಿ ಬೇಡವೆಂದ ಹೆಂಗಸರು ಗುಟ್ಟಾಗಿ ಬಂದು ನನ್ನ ಬಳಿ ಕಲಿತಿದ್ದಾರೆ. ಮೊದಲ ಸಲ ಒಬ್ಬರೇ ಓಡಿಸಿಕೊಂಡು ಹೋಗಿ ಬಂದಾಗ ಅವರ ಮುಖ ಹೇಗಿರುತ್ತದೆ ಎಂದು ನಾನು ಕಂಡಿದ್ದೇನೆ. ಯಜಮಾನರ ಮುಖದಲ್ಲಿ ಆ ಕಳೆ ಇನ್ನೂ ಮಾಸಿರಲಿಲ್ಲ. ಅದನ್ನು ನಾನು ಕಿತ್ತುಕೊಳ್ಳಬೇಕಿತ್ತು.

ಒಳಗೆ ಹೋಗಿ ಬರೆದೆ. ಮೊಪೆಡ್ಡು, ಲೇಔಟು, ಗೋರಂಟ್ಲ. ಡಾಕ್ಟರು ಹೇಳಿದ್ದನ್ನು ಬರೆಯಲಿಲ್ಲ; ಕಣ್ಣಿನ ಪರೀಕ್ಷೆ ಮಾಡಿಸಿ ಎಂದಷ್ಟೇ ಕೇಳಿದೆ. ಸಹಿ ಹಾಕಿದೆ.

ಇನ್‌ಸ್ಪೆಕ್ಟರು ಯಜಮಾನರನ್ನು ಕರೆಸಿದರು. ವೈದ್ಯಕೀಯ ತಪಾಸಣೆಗೆ ಕಳಿಸಿದರು. ಲೈಸೆನ್ಸು ರದ್ದಾಯಿತು. ಆ ದಿನ ಕಚೇರಿಯ ಮೆಟ್ಟಿಲ ಮೇಲೆ ಯಜಮಾನರು ನನ್ನೆದುರಿಗೇ ಬಂದರು. ನಾನು ಕಾಣಲಿಲ್ಲವೋ, ಕಂಡೂ ಕಾಣದಂತೆ ಹೋದರೋ ತಿಳಿಯಲಿಲ್ಲ. ಮಗಳು ಕಂಡಳು. "ನಮ್ಗೊಂದ್ ಮಾತ್ ಹೇಳಿದ್ರೆ ಆಯ್ತಿರ್ಲಿಲ್ವಾ?" ಎಂದಳು. ಅಕ್ಕಾ ಎನ್ನಲಿಲ್ಲ. ಮಂಡಿ ಬೀದಿಯಿಂದ ಬರುತ್ತಿದ್ದ ಇಬ್ಬರು ಕಲಿಯುವುದನ್ನು ನಿಲ್ಲಿಸಿದರು. ಅದನ್ನು ನಾನು ನಿರೀಕ್ಷಿಸಿದ್ದೆ.

ನಿರೀಕ್ಷಿಸದೇ ಇದ್ದದ್ದು ಬೇಸಿಗೆಯ ಕೊನೆಯಲ್ಲಿ ಆಯಿತು. ಯಜಮಾನರು ಕಾರಿನ ಮಾತೇ ಬಿಟ್ಟಿದ್ದರು. ಡ್ರೈವರನ್ನೂ ಬೇಡವೆಂದು ಕಳಿಸಿ, ಬಸ್ಸಿನಲ್ಲಿ ಓಡಾಡಲು ಶುರುಮಾಡಿದ್ದರು. ಯಾರ ಹಂಗೂ ಬೇಡ ಎನ್ನುತ್ತಿದ್ದರಂತೆ. ಕಂಬದೂರಿನಲ್ಲಿ ಬಸ್ಸಿಳಿದು, ಆಚೆ ಬದಿಯಲ್ಲಿದ್ದ ಆಟೋ ಕಡೆಗೆ ರಸ್ತೆ ದಾಟುತ್ತಿದ್ದರು. ಎಡಗಡೆಯಿಂದ ಬೈಕೊಂದು ಬಂತು. ಹಾರನ್ ಹೊಡೆಯಿತು ಎಂದು ಕೆಲವರು, ಇಲ್ಲವೆಂದು ಕೆಲವರು. ಎದುರಿಗೇ ನೋಡಿಕೊಂಡು, ಕತ್ತು ಸಹ ತಿರುಗಿಸದೆ, ಮನೆಯ ಅಂಗಳದಲ್ಲಿ ನಡೆದ ಹಾಗೆ ನಡೆದರು ಎಂದು ಆಟೋದವನು ಹೇಳಿದ. ಬೈಕಿನವನ ಭುಜದ ಮೂಳೆ ಮುರಿಯಿತು. ಯಜಮಾನರ ಸೊಂಟ ಮುರಿಯಿತು.

ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಹಿಂದೂಪುರದ ಆಸ್ಪತ್ರೆಗೆ ತಂದ ಮೇಲೆ ನೋಡಲು ಹೋದೆ. ಹೋಗಬಾರದೆಂದೇ ಎರಡು ಸಲ ಗೇಟಿನಿಂದ ವಾಪಸಾಗಿದ್ದೆ. ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಗಡ್ಡ ಬಂದಿತ್ತು. ಮಂಚದ ತುದಿಗೆ, ಅವರಿಗೆ ಕಾಣುವ ಹಾಗೆ ಹೋಗಿ ನಿಂತೆ.

"ಬಂದ್ಯೇನಮ್ಮಾ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಕಾರ್ ಓಡಿಸ್ಬೇಡ ಅಂದ್ರಿ. ಬಿಟ್ಬುಟ್ಟೆ. ನಡೀಬೇಡ ಅಂತ ಯಾರೂ ಹೇಳ್ಲಿಲ್ವಲ್ಲ."

ನಾನು ಮಂಚದ ತುದಿಯ ಸರಳು ಹಿಡಿದುಕೊಂಡೆ.

"ಕಾರಲ್ಲಿದ್ದಿದ್ರೆ ಸುತ್ತ ತಗಡಾದ್ರೂ ಇರ್ತಿತ್ತು."

"ಹೌದು ಯಜಮಾನ್ರೇ."

"ಇವತ್ತು ಹೇಳು. ಇಂಗಾಯ್ತದೆ ಅಂತ ಗೊತ್ತಿದ್ರೂ ಆ ಕಾಗ್ದ ಬರೀತಿದ್ದೆಯಾ?"

ಸುಳ್ಳು ಹೇಳಬಹುದಿತ್ತು. ಅವರಿಗೆ ಅದರಿಂದ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. "ಬರೀತಿದ್ದೆ," ಎಂದೆ. "ಆದ್ರೆ ಬರ್ದು ಮನೇಗೆ ಹೋಗ್ತಿರ್ಲಿಲ್ಲ. ನಿಮ್ ಹತ್ರ ಬರ್ತಿದ್ದೆ."

ಅವರು ಕಣ್ಣು ಮುಚ್ಚಿಕೊಂಡರು. ಮಗಳು ನನಗೆ ಹೊರಗೆ ಹೋಗುವಂತೆ ಸನ್ನೆ ಮಾಡಿದಳು.

ಡಾಕ್ಟರು, ಇನ್‌ಸ್ಪೆಕ್ಟರು, ಮಗಳು, ನಾನು: ನಾವೆಲ್ಲರೂ ಆ ಕಣ್ಣುಗಳನ್ನು ಸ್ಟೀರಿಂಗಿನ ಹಿಂದಿಟ್ಟೇ ನೋಡಿದ್ದೆವು. ಅಲ್ಲಿಂದ ಇಳಿಸಿದ ಮೇಲೆ ಆ ಕಣ್ಣುಗಳೇ ಅವರ ಜೊತೆ ರಸ್ತೆಗೆ ಇಳಿಯುತ್ತವೆ ಎಂದು ನಮಗೆ ಹೊಳೆಯಲಿಲ್ಲ. ಕಣ್ಣಾಸ್ಪತ್ರೆಗೆ ಹೋಗಿ ಕೇಳಿದೆ. ಇಂಥವರಿಗೆ ನಡೆಯುವುದನ್ನು ಹೊಸದಾಗಿ ಹೇಳಿಕೊಡುವ ಕ್ರಮವಿದೆಯಂತೆ. ಕಣ್ಣನ್ನಲ್ಲ, ಕತ್ತನ್ನೇ ಪೂರ್ತಿ ತಿರುಗಿಸಬೇಕು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನಿಂತ ಬಸ್ಸಿನ ಮುಂದಿನಿಂದ ದಾಟಬಾರದು. ಕೈಯಲ್ಲಿ ಬಿಳಿ ಕೋಲಿದ್ದರೆ ನೋಡುವವರಿಗಾದರೂ ತಿಳಿಯುತ್ತದೆ. ಅಲ್ಲಿನ ಒಬ್ಬ ನರ್ಸು ನನ್ನನ್ನು ಕಾರಿಡಾರಿನಲ್ಲಿ ನಡೆಸಿ ತೋರಿಸಿದರು. ಕಣ್ಣಿನ ಎರಡೂ ಬದಿಗೆ ರಟ್ಟು ಕಟ್ಟಿಕೊಂಡು ನಾನೇ ಆಸ್ಪತ್ರೆಯ ಮುಂದಿನ ರಸ್ತೆ ದಾಟಿ ನೋಡಿದೆ. ಎಡಗಡೆಯಿಂದ ಬಂದ ಆಟೋ ನನ್ನ ಸೆರಗು ಸವರಿಕೊಂಡು ಹೋಯಿತು. ಆಟೋದವನು ಬೈದದ್ದು ಮಾತ್ರ ಕೇಳಿಸಿತು.

ಕಲಿತದ್ದನ್ನು ಹೇಳಿಕೊಡಲು ಯಜಮಾನರ ಮನೆಗೆ ಹೋದೆ. ಅಷ್ಟು ಹೊತ್ತಿಗೆ ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಿದ್ದರು. ಮಗಳು ಕುರ್ಚಿ ತಂದು ಹಾಕಿದಳು. ಅವಳು ಕಾಫಿ ಕೊಟ್ಟದ್ದೇ ನನಗೆ ದೊಡ್ಡದಾಗಿ ಕಂಡಿತು. ಕಾರು ಷೆಡ್ಡಿನಲ್ಲಿರಲಿಲ್ಲ. ಕೇಳಲಿಲ್ಲ.

"ಕತ್ತು ಪೂರ್ತಿ ತಿರುಗಿಸ್ಬೇಕು ಯಜಮಾನ್ರೇ. ಗಲ್ಲ ಭುಜಕ್ಕೆ ತಾಗ್ಬೇಕು. ಒಂದ್ ಸಲ ಮಾಡಿ."

ಎಲ್ಲಿ ಬೇಡವೆನ್ನುತ್ತಾರೋ ಎಂದುಕೊಂಡಿದ್ದೆ. ಅವರು ಮಾಡಿದರು. ವಾಕರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಎಡಕ್ಕೆ ತಿರುಗಿಸಿದರು. ಬೀದಿಯ ಕೊನೆಯಲ್ಲಿ ಹುಣಸೆ ಮೂಟೆ ಇಳಿಸುತ್ತಿದ್ದ ಲಾರಿ ಕಾಣಿಸಿರಬೇಕು. ಬಹಳ ಹೊತ್ತು ಅತ್ತಲೇ ನೋಡಿದರು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ.

"ಬಾಳ ಚೆನ್ನಾಗ್ ಮಾಡಿದ್ರಿ," ಎಂದೆ. "ದಿನಾ ಬತ್ತೀನಿ. ಕಾಲಿಗೆ ಬಲ ಬಂದ್ಮೇಲೆ ಜೊತೇಲೇ ದಾಟೋಣ."

"ದಾಟಿ ಎಲ್ಲಿಗ್ ಹೋಗ್ಲಮ್ಮಾ?" ಎಂದರು ಯಜಮಾನರು.

ಬೀದಿಯ ಆಚೆ ಒಂದು ಟೀ ಅಂಗಡಿಯಿತ್ತು. ನಾನು ಅದನ್ನು ತೋರಿಸಿದೆ. ಅವರು ಅತ್ತ ನೋಡಲಿಲ್ಲ.